ತಕ್ಕಡಿ ಸಾಹೇಬರ ಗೊರಕೆಗೆ ಮುದ್ರೆ ಬಿದ್ದದ್ದು

ತಾನು ಗೊರಕೆ ಹೊಡೆಯುತ್ತೇನೆಂದು ಒಪ್ಪಿಕೊಂಡ ಮನುಷ್ಯನನ್ನು ನಾನು ಇದುವರೆಗೆ ಕಂಡಿಲ್ಲ. ಗೊರಕೆ ಯಾವತ್ತೂ ಪಕ್ಕದವರದು. ಅಪರಾಧ ನಡೆಯುವಾಗ ಅಪರಾಧಿ ನಿದ್ದೆಯಲ್ಲಿರುತ್ತಾನೆ, ಸಾಕ್ಷಿಗಳು ಮಾತ್ರ ಎಚ್ಚರವಾಗಿರುತ್ತಾರೆ. ಬೆಳಿಗ್ಗೆ ಸಾಕ್ಷಿಗಳು ಕೆಂಗಣ್ಣು ಬಿಟ್ಟುಕೊಂಡು ದೂರು ಹೇಳಿದರೆ, ಕಣ್ತುಂಬ ನಿದ್ದೆ ಮಾಡಿ ಎದ್ದ ಅಪರಾಧಿ ಅವರನ್ನು ಕನಿಕರದಿಂದ ನೋಡುತ್ತಾನೆ.

ನಮ್ಮ ಪಕ್ಕದ ಮನೆಯ ತಕ್ಕಡಿ ಸಾಹೇಬರು ಈ ನಿಯಮಕ್ಕೆ ಹೊರತಲ್ಲ. ಅವರು ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರು. ಅಂಗಡಿಯ ತಕ್ಕಡಿ ಸರಿಯಿದೆಯೇ, ತೂಕದ ಕಲ್ಲು ಸವೆದಿದೆಯೇ, ಪೆಟ್ರೋಲ್ ಬಂಕಿನ ಲೀಟರು ನಿಜಕ್ಕೂ ಲೀಟರೇ ಎಂದು ನೋಡಿ, ಸರಿಯಿದ್ದರೆ ಮುದ್ರೆ ಒತ್ತುವುದು, ಇಲ್ಲದಿದ್ದರೆ ಜಪ್ತಿ ಮಾಡುವುದು ಅವರ ಕೆಲಸ. ಇಪ್ಪತ್ತಾರು ವರ್ಷಗಳಲ್ಲಿ ಅವರು ಹಿಡಿದ ಕಳ್ಳ ತೂಕಗಳು ಕಚೇರಿಯ ಒಂದಿಡೀ ಕಪಾಟು ತುಂಬಿವೆ. ಹೊಟ್ಟೆ ಕೊರೆದು ಟೊಳ್ಳು ಮಾಡಿದ ಕಲ್ಲು, ತಟ್ಟೆಯಡಿಗೆ ಅಂಟಿಸಿದ ಆಯಸ್ಕಾಂತ, ಇನ್‌ಸ್ಪೆಕ್ಟರು ಬಂದಾಗ ಮಾತ್ರ ಮುಖ ತೋರಿಸುವ ಒಳ್ಳೆಯ ಕಲ್ಲು, ಎಲ್ಲವನ್ನೂ ಅವರು ಬಲ್ಲರು. ಈ ಕೊನೆಯ ಮೋಸದ ಮೇಲೆ ಅವರಿಗೆ ವಿಶೇಷ ಸಿಟ್ಟು. "ತಪ್ಪು ಕಲ್ಲು ಇಟ್ಟೋನನ್ನ ಕ್ಷಮಿಸಬಹುದು. ನಾನು ಬಂದಾಗ ಕಲ್ಲು ಬದಲಾಯಿಸ್ತಾನಲ್ಲ, ಅವನನ್ನ ಮಾತ್ರ ಬಿಡಬಾರದು" ಎಂದು ಅವರು ವಾರಕ್ಕೊಮ್ಮೆಯಾದರೂ ಹೇಳುತ್ತಿದ್ದರು.

ತೂಕದ ಇಲಾಖೆಯವರು ತೂಕಡಿಸದೆ ಇನ್ಯಾರು ತೂಕಡಿಸಬೇಕು ಎಂಬ ಜೋಕು ನಮ್ಮ ಬೀದಿಯಲ್ಲಿ ಚಾಲ್ತಿಯಲ್ಲಿದೆ. ಅದು ತೀರ ಹಳೆಯದು, ಸಾಹೇಬರ ಮಟ್ಟಿಗೆ ಸುಳ್ಳೂ ಹೌದು. ಹಗಲಲ್ಲಿ ಅವರು ಕಣ್ಣು ಮುಚ್ಚಿದ್ದನ್ನು ಯಾರೂ ಕಂಡಿಲ್ಲ. ರಾತ್ರಿಯ ಮಾತು ಬೇರೆ. ಅವರ ಮನೆಗೂ ನಮ್ಮ ಮನೆಗೂ ನಡುವೆ ಇರುವುದು ಒಂದೇ ಗೋಡೆ, ಅದೂ ಕಂಟ್ರಾಕ್ಟರನು ಮನಸ್ಸಿಲ್ಲದೆ ಕಟ್ಟಿದ್ದು. ಹನ್ನೆರಡು ವರ್ಷ ಆ ಗೋಡೆಯ ಮೂಲಕ ನಾನು ಗೊರಕೆ ಕೇಳಿದ್ದೇನೆ. ಒಂದೇ ಸಮನೆ ಮರ ಕೊಯ್ದ ಹಾಗೆ ಒಂದು ರಾಗ. ಅದರ ಮೇಲೆ ಇನ್ನೊಂದು ಭಾರೀ ರಾಗ, ಮೇಲಕ್ಕೇರಿ ಏರಿ ಥಟ್ಟನೆ ನಿಲ್ಲುವುದು. ನಿಂತಾಗ, ಸದ್ಯ, ಈಗ ನಾನು ಮಲಗಬಹುದು ಎಂದು ಸಂತೋಷಪಡುತ್ತಿದ್ದೆ. ಅರ್ಧ ನಿಮಿಷಕ್ಕೆ ಮತ್ತೆ ಯಾರೋ ಕತ್ತು ಹಿಸುಕಿ ಬಿಟ್ಟಂತೆ ಒಂದು ಗುಟುರು, ಮತ್ತೆ ಶುರು. ಒಬ್ಬ ಮನುಷ್ಯನಲ್ಲಿ ಇಷ್ಟು ರಾಗ ಹೇಗೆ ಹಿಡಿಸುತ್ತದೆ ಎಂದು ನಾನು ಆಶ್ಚರ್ಯಪಟ್ಟದ್ದುಂಟು, ಅದಕ್ಕಿಂತ ಹೆಚ್ಚು ಯೋಚಿಸಿದ್ದಿಲ್ಲ.

ಆ ಮನೆಯಲ್ಲಿ ಇರುವವರು ಮೂವರು. ಸಾಹೇಬರು, ಅವರ ಹೆಂಡತಿ, ತಾರಸಿಯ ಮೇಲಿನ ಒಂಟಿ ಕೋಣೆಯಲ್ಲಿ ಹೆಂಡತಿಯ ತಮ್ಮ. ಈ ಭಾವಮೈದ ಬೋರ್ಡು ಬರೆಯುವವನು. ವಯಸ್ಸು ನಲವತ್ತಾರು, ಮದುವೆಯಾಗಲಿಲ್ಲ, ಕೇಳಿದರೆ "ಯೋಚನೆ ಮಾಡ್ತಿದ್ದೆ, ಅಷ್ಟರಲ್ಲಿ ನಿದ್ದೆ ಬಂತು" ಎನ್ನುತ್ತಾನೆ. ಅದು ಬಹುಮಟ್ಟಿಗೆ ನಿಜ. ಅವನು ಕ್ಷೌರದ ಕುರ್ಚಿಯಲ್ಲಿ ನಿದ್ದೆ ಮಾಡುತ್ತಾನೆ, ಬಸ್ಸಿನಲ್ಲಿ ನಿಂತು ನಿದ್ದೆ ಮಾಡುತ್ತಾನೆ, ತುತ್ತು ಬಾಯಿಗಿಡುವ ಮುನ್ನ ಒಂದು ಸಣ್ಣ ನಿದ್ದೆ ಮುಗಿಸುತ್ತಾನೆ. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂಬ ಗಾದೆಗೆ ಬೀದಿಯವರೆಲ್ಲ ಅವನನ್ನೇ ಉದಾಹರಣೆ ಕೊಡುತ್ತಿದ್ದರು. ಎಲ್ಲರೂ ಅವನನ್ನು ನಿಶ್ಚಿಂತ ಎಂದೇ ಕರೆಯುತ್ತಿದ್ದರು.

ನಿಶ್ಚಿಂತ ಬರೆದ ಬೋರ್ಡುಗಳಿಗೂ ಒಂದು ಹೆಸರಿತ್ತು. ಅವನ ಅಕ್ಷರಗಳು ಎಡಗಡೆ ನೆಟ್ಟಗೆ ಶುರುವಾಗಿ, ಬಲಕ್ಕೆ ಹೋಗುತ್ತ ಹೋಗುತ್ತ ಮೆಲ್ಲಗೆ ಕೆಳಕ್ಕೆ ಜಾರುತ್ತಿದ್ದವು. ಔಷಧಿ ಅಂಗಡಿ, ಹೊಲಿಗೆ ಅಂಗಡಿ, ದಂತವೈದ್ಯರ ಕ್ಲಿನಿಕ್ಕು, ಎಲ್ಲ ಕಡೆಯೂ ಹಾಗೇ. ನಮ್ಮ ಡ್ರಾಯಿಂಗ್ ಮೇಷ್ಟ್ರು ಒಮ್ಮೆ ಔಷಧಿ ಅಂಗಡಿಯ ಮುಂದೆ ಹತ್ತು ನಿಮಿಷ ನಿಂತು ನೋಡಿ, "ಇದು ಅವನ ಶೈಲಿ" ಎಂದು ತೀರ್ಪು ಕೊಟ್ಟರು. ಆಮೇಲೆ ಯಾರೂ ಸೊಲ್ಲೆತ್ತಲಿಲ್ಲ.

ಇಂಥ ನೆಮ್ಮದಿಯ ಸಂಸಾರಕ್ಕೆ ಒಂದು ವ್ಯಾನು ಬಂದು ತಗುಲಿಕೊಂಡಿತು.

ಇಪ್ಪತ್ತಾರು ವರ್ಷ ಸಾಹೇಬರು ಇಲಾಖೆಯ ಪ್ರಮಾಣದ ತೂಕಗಳನ್ನು ಚರ್ಮದ ಚೀಲದಲ್ಲಿ ಹೊತ್ತು ಬಸ್ಸು ಹತ್ತಿ ಇಳಿದವರು. ಅವರ ಬಲ ಭುಜ ಎಡ ಭುಜಕ್ಕಿಂತ ಎರಡು ಬೆರಳು ಕೆಳಗಿದೆ, ಬೇಕಾದವರು ಅಳೆದು ನೋಡಬಹುದು. ಈಗ ಇಲಾಖೆಗೆ ಒಂದು ತಪಾಸಣಾ ವ್ಯಾನು ಮಂಜೂರಾಯಿತು. ಬಿಳಿ ಬಣ್ಣ, ಒಳಗೆ ತೂಕಗಳಿಗೆ ಗೂಡು ಗೂಡಾದ ಕಪಾಟು, ಪಕ್ಕದಲ್ಲಿ ಇಲಾಖೆಯ ಚಿಹ್ನೆ. ಓಡಿಸುವವರು ಇನ್‌ಸ್ಪೆಕ್ಟರೇ. ಸೇವೆಯಲ್ಲಿ ಹಿರಿಯರಾದ್ದರಿಂದ ಮೊದಲ ಹಕ್ಕು ಸಾಹೇಬರದು. ಅವರು ಆ ವ್ಯಾನನ್ನು ಆಸೆಪಟ್ಟಷ್ಟು ಬೇರೆ ಯಾವುದನ್ನೂ ಆಸೆಪಟ್ಟದ್ದು ನಾನು ಕಂಡಿಲ್ಲ. ನಿವೃತ್ತಿಗೆ ಉಳಿದ ಐದು ವರ್ಷವಾದರೂ ಭುಜಕ್ಕೆ ಬಿಡುವು ಸಿಗಲಿ ಎಂದು ಅವರು ಹೇಳಿದಾಗ ನನಗೂ ಹೌದೆನ್ನಿಸಿತು.

ಒಂದೇ ತೊಡಕು. ಐವತ್ತು ದಾಟಿದವರು ಇಲಾಖೆಯ ವಾಹನ ಓಡಿಸಬೇಕಾದರೆ ವೈದ್ಯಕೀಯ ಸರ್ಟಿಫಿಕೇಟು ತರಬೇಕು. ಅದರ ಫಾರಮ್ಮಿನಲ್ಲಿ ಹದಿನೇಳನೇ ಪ್ರಶ್ನೆ, ನಿದ್ದೆಯಲ್ಲಿ ಗೊರಕೆ ಹೊಡೆಯುತ್ತೀರಾ? ಸಾಹೇಬರು ದುಂಡಗೆ 'ಇಲ್ಲ' ಎಂದು ಬರೆದರು. ಹದಿನೆಂಟನೆಯದು, ಒಂದೇ ಕೋಣೆಯಲ್ಲಿ ಮಲಗುವವರ ಹೇಳಿಕೆ ಮತ್ತು ರುಜು. ಫಾರಮ್ಮು ತಯಾರಿಸಿದವನು ಸಂಸಾರಸ್ಥನಿರಬೇಕು.

"ಇಲ್ಲೊಂದು ರುಜು ಹಾಕು" ಎಂದು ಸಾಹೇಬರು ಹೆಂಡತಿಯ ಮುಂದೆ ಫಾರಮ್ಮು ಹಿಡಿದರು.

ಅವರು ಕನ್ನಡಕ ಹಾಕಿಕೊಂಡು ಹದಿನೇಳನ್ನೂ ಹದಿನೆಂಟನ್ನೂ ಓದಿದರು. "ರೀ, ಇಲ್ಲ ಅಂತ ಬರೆದಿದೀರಲ್ಲ."

"ಹೂಂ. ನಾನು ಒಂದು ದಿನಾನೂ ಕೇಳಿಲ್ಲ."

"ನಾನು ಕೇಳಿದೀನಿ. ಇಲ್ಲಿ ನನ್ನ ಹೇಳಿಕೆ ಕೇಳಿದಾರೆ, ನಿಮ್ಮದಲ್ಲ. ಪೆನ್ನು ಕೊಡಿ."

ಕೊಟ್ಟ ಜಾಗ ಸಾಲದೆ ಅವರು ಅಂಚಿನಲ್ಲಿ ಬರೆದರು, ಹಿಂಬದಿ ಬರೆದರು, ಕೊನೆಗೆ ಕ್ಯಾಲೆಂಡರಿನ ಹಾಳೆ ಹರಿದು ಲಗತ್ತಿಸಿದರು. ಇಪ್ಪತ್ತೇಳು ವರ್ಷದಿಂದ ಬರೆಯಲೆಂದೇ ಕಾಯುತ್ತಿದ್ದವರ ಹಾಗೆ ಬರೆದರು. ಅದರಲ್ಲಿ ಒಂದು ವಾಕ್ಯ ಹೀಗಿತ್ತು: 'ದಿಂಬಿಗೆ ತಲೆ ಇಟ್ಟ ಗಳಿಗೆಯಿಂದ ಬೆಳಗಿನವರೆಗೆ ಒಂದು ಕ್ಷಣವೂ ನಿಲ್ಲುವುದಿಲ್ಲ.' ಕೆಳಗೆ ರುಜು, ತಾರೀಕು. ಇಂಥ ಪಕ್ಕಾ ದಾಖಲೆಯನ್ನು ಸಾಹೇಬರು ತಮ್ಮ ಸರ್ವಿಸಿನಲ್ಲೇ ನೋಡಿರಲಿಲ್ಲ. ಹರಿದು ಹಾಕೋಣವೆಂದರೆ ಫಾರಮ್ಮಿಗೆ ಕ್ರಮಸಂಖ್ಯೆ ಇತ್ತು.

ಹೀಗಾಗಿ ಅವರು ನಿದ್ದೆಯ ಡಾಕ್ಟರಮ್ಮನ ಮುಂದೆ ಕೂತರು. ಆಕೆ ಮಾತು ಕಡಿಮೆ, ಕಿವಿ ಹೆಚ್ಚು ಎಂಬ ಜಾತಿಯ ಡಾಕ್ಟರು. ಹೆಂಡತಿಯ ಹೇಳಿಕೆಯನ್ನು ಕ್ಯಾಲೆಂಡರಿನ ಹಾಳೆ ಸಮೇತ ಪೂರ್ತಿ ಓದಿ, ಮೊದಲು ಕತ್ತಿನ ಸುತ್ತಳತೆ ನೋಡಬೇಕೆಂದು ಟೇಪು ತೆಗೆದರು.

"ಈ ಟೇಪಿಗೆ ಮುದ್ರೆ ಇಲ್ಲ" ಎಂದರು ಸಾಹೇಬರು.

"ಅಂದ್ರೆ?"

"ಬಟ್ಟೆ ಟೇಪು ಎಳೆದಷ್ಟೂ ಉದ್ದ ಆಗತ್ತೆ ಡಾಕ್ಟ್ರೇ. ಇದರಲ್ಲಿ ಅಳೆದಿದ್ದು ಕಾನೂನು ಪ್ರಕಾರ ಅಳತೆ ಅಲ್ಲ." ತಮ್ಮ ಚೀಲದಿಂದ ಉಕ್ಕಿನ ಟೇಪು ತೆಗೆದುಕೊಟ್ಟರು. ತಣ್ಣಗಿನ ಉಕ್ಕು ಕತ್ತಿಗೆ ತಗುಲಿ ಮೈ ಜುಮ್ಮೆಂದರೂ ಅಲುಗಾಡಲಿಲ್ಲ. ನಲವತ್ತೊಂದು ಸೆಂಟಿಮೀಟರ್ ಬಂತು. ಬಟ್ಟೆಯ ಟೇಪಿನಲ್ಲೂ ಅಷ್ಟೇ ಬಂತು.

ಡಾಕ್ಟರಮ್ಮ ವಿವರಿಸಿದರು. "ನಿದ್ದೆ ಬಂದಾಗ ಗಂಟಲಿನ ಮಾಂಸ ಸಡಿಲ ಆಗತ್ತೆ. ಉಸಿರಿನ ದಾರಿ ಕಿರಿದಾಗತ್ತೆ. ಕಿರಿದಾದ ದಾರಿಯಲ್ಲಿ ಗಾಳಿ ನುಗ್ಗಿದಾಗ ಆ ಮಾಂಸ ಅದುರತ್ತೆ. ಆ ಸದ್ದೇ ಗೊರಕೆ. ನಾನು ಸದ್ದಿಗೆ ಹೆದರಲ್ಲ. ಸದ್ದು ನಿಲ್ಲತ್ತಲ್ಲ, ಅದಕ್ಕೆ ಹೆದರ್ತೀನಿ. ಕೆಲವರಿಗೆ ದಾರಿ ಪೂರ್ತಿ ಮುಚ್ಚಿಹೋಗತ್ತೆ. ಎದೆ ಎಳೀತಾ ಇರತ್ತೆ, ಗಾಳಿ ಒಳಗೆ ಹೋಗಲ್ಲ. ಹತ್ತು ಸೆಕೆಂಡು ಹಾಗೆ ನಿಂತರೆ ಒಂದು ಸಲ ಅಂತ ಲೆಕ್ಕ. ಗಂಟೆಗೆ ಐದು ಸಲದ ಒಳಗಿದ್ರೆ ಚಿಂತೆ ಇಲ್ಲ. ಐದರಿಂದ ಹದಿನೈದು ಸೌಮ್ಯ, ಮೂವತ್ತರವರೆಗೆ ಮಧ್ಯಮ, ಅದನ್ನ ದಾಟಿದ್ರೆ ತೀವ್ರ."

ಈ ಮಾತು ಸಾಹೇಬರಿಗೆ ಹಿಡಿಸಿತು. ಗೊರಕೆಗೂ ಮಿತಿ, ಮಿತಿ ಮೀರಿದರೆ ದರ್ಜೆ. ಇಲಾಖೆಯ ನಿಯಮ ಓದಿದ ಹಾಗಾಯಿತು.

"ಕೂತಲ್ಲೇ ನಿದ್ದೆ ಬರತ್ತಾ? ಮಾತಾಡ್ತಾ ಮಾತಾಡ್ತಾ? ಬೆಳಿಗ್ಗೆ ಎದ್ದಾಗ ತಲೆನೋವು?"

"ನನಗಿಲ್ಲ. ಅವೆಲ್ಲ ನನ್ನ ಭಾವಮೈದನಿಗೆ. ಪುಣ್ಯವಂತ, ಎಲ್ಲಿ ಕೂರಿಸಿದ್ರೂ ನಿದ್ದೆ."

ಡಾಕ್ಟರಮ್ಮ ಪೆನ್ನು ನಿಲ್ಲಿಸಿದರು. "ಅವರನ್ನೂ ಒಂದ್ಸಲ ಕರ್ಕೊಂಡು ಬನ್ನಿ."

"ಅವನಿಗೇನಾಗಿದೆ ಡಾಕ್ಟ್ರೇ" ಎಂದು ಸಾಹೇಬರು ನಕ್ಕುಬಿಟ್ಟರು.

ಮನೆಗೆ ಒಯ್ಯಲು ಒಂದು ಪುಟ್ಟ ಯಂತ್ರ ಕೊಟ್ಟರು. ಎದೆಗೊಂದು ಪಟ್ಟಿ, ಮೂಗಿಗೊಂದು ನಳಿಗೆ, ಬೆರಳಿಗೊಂದು ಕ್ಲಿಪ್ಪು. ಒಂದು ರಾತ್ರಿ ಕಟ್ಟಿಕೊಂಡು ಮಲಗಿ ಬೆಳಿಗ್ಗೆ ತಂದುಕೊಟ್ಟರೆ ಉಸಿರಿನ ಜಾತಕವೆಲ್ಲ ಅದರಲ್ಲಿರುತ್ತದಂತೆ. ಸಾಹೇಬರು ಅದನ್ನು ಪರೀಕ್ಷೆ ಎಂದೇ ತಿಳಿದರು. ಪರೀಕ್ಷೆಯಲ್ಲಿ ಪಾಸಾಗಲು ನಿದ್ದೆಗೆಡಬೇಕೆಂಬುದು ಶಾಲೆಯಲ್ಲಿ ಕಲಿತ ಪಾಠ. ಯಂತ್ರ ಕಟ್ಟಿಕೊಂಡು ರಾತ್ರಿಯಿಡೀ ನೆಟ್ಟಗೆ ಕೂತು, ಒಂದು ಗೊರಕೆಯನ್ನೂ ಹೊಡೆಯದೆ, ಬೆಳಿಗ್ಗೆ ವಿಜಯಿಯಾಗಿ ಯಂತ್ರ ಒಪ್ಪಿಸಿದರು.

ಅಲ್ಲಿನ ಟೆಕ್ನಿಷಿಯನ್ ದಪ್ಪ ಕನ್ನಡಕದ ಸಮಾಧಾನಿ. ಪರದೆ ನೋಡಿ, "ಸಾರ್, ಇದರಲ್ಲಿ ನಿದ್ದೆನೇ ಇಲ್ಲವಲ್ಲ" ಎಂದರು.

"ಗೊರಕೆ ಇದೆಯಾ?"

"ಇಲ್ಲ."

"ಹಾಗಾದ್ರೆ ಪಾಸು."

"ಖಾಲಿ ತಕ್ಕಡಿ ಸೊನ್ನೆ ತೋರಿಸಿದ್ರೆ ಸಾಮಾನು ಹಗುರ ಅಂತ ಬರೀತೀರಾ ಸಾರ್? ನಾಳೆ ನಿದ್ದೆ ಮಾಡಿ ತನ್ನಿ."

ಸಾಹೇಬರು ಯಂತ್ರವನ್ನು ಮತ್ತೆ ಚೀಲಕ್ಕೆ ಹಾಕಿಕೊಂಡರು. ಅವರದೇ ಕಸುಬಿನ ಮಾತನ್ನು ಅವರ ಮೇಲೇ ತಿರುಗಿಸಿದವರು ಆವರೆಗೆ ಯಾರೂ ಇರಲಿಲ್ಲ. ಅಂದೇ ಮಧ್ಯಾಹ್ನ ಫಾರಮ್ಮು ಒಪ್ಪಿಸಲು ಗಡುವು ಇನ್ನು ಮೂರೇ ದಿನ ಎಂದು ಕಚೇರಿಯಿಂದ ನೆನಪೋಲೆ ಬಂತು. ತಪ್ಪಿದರೆ ವ್ಯಾನು ಎರಡನೇ ಇನ್‌ಸ್ಪೆಕ್ಟರಿಗೆ. ಅವನಿಗೆ ಮೂವತ್ತನಾಲ್ಕು ವಯಸ್ಸು, ಎರಡೂ ಭುಜ ಸಮ.

ಅಂದು ಸಾಹೇಬರ ಹೆಂಡತಿ ಎರಡು ದಿನಕ್ಕೆಂದು ಮಗಳ ಮನೆಗೆ ಹೋಗಿದ್ದರು. ನಿಶ್ಚಿಂತ ಮೆಟ್ಟಿಲಿನ ಮೇಲೆ ಕೂತು, ಒಂದು ಕಾಲಿಗೆ ಚಪ್ಪಲಿ ಹಾಕಿ, ಇನ್ನೊಂದು ಕಾಲಿಗೆ ಹಾಕುವ ಮುನ್ನ ನಿದ್ದೆ ಹೋಗಿದ್ದ. ಸಾಹೇಬರು ಅವನನ್ನೇ ನೋಡುತ್ತ ನಿಂತರು. ಈ ಮನೆಯಲ್ಲಿ ಅತ್ಯುತ್ತಮ ನಿದ್ದೆ ಯಾರದು? ಅಳೆಯಬೇಕಾದ್ದು ನಿದ್ದೆಯೇ ಆದರೆ ಅತ್ಯುತ್ತಮವಾದುದನ್ನು ಅಳೆಯಲು ಕೊಡುವುದರಲ್ಲಿ ತಪ್ಪೇನು? ಇನ್‌ಸ್ಪೆಕ್ಟರು ಬಂದಾಗ ಅಂಗಡಿಯವನು ಒಳ್ಳೆಯ ಕಲ್ಲನ್ನು ಹೊರಗಿಡುವುದೂ ಇದೇ ತರ್ಕದಿಂದ. ಆದರೆ ಈ ಹೋಲಿಕೆ ಸಾಹೇಬರಿಗೆ ಹೊಳೆಯಲಿಲ್ಲ. ಬೇರೆಯವರ ತಕ್ಕಡಿ ಮಾತ್ರ ಕಾಣುವ ಕಣ್ಣು ಅವರದು.

"ಏಯ್, ಎದ್ದೇಳು. ಇವತ್ತು ರಾತ್ರಿ ಇದನ್ನ ಕಟ್ಕೊಂಡು ಮಲಗು."

"ಆಯ್ತು ಭಾವ."

"ಯಾಕೆ ಅಂತ ಕೇಳಲ್ವಾ?"

ಅವನು ಅಷ್ಟರಲ್ಲಿ ಮತ್ತೆ ನಿದ್ದೆ ಹೋಗಿದ್ದ. ಭಾವ ಹೇಳಿದ್ದನ್ನು ಅವನು ಯಾವತ್ತೂ ಪ್ರಶ್ನಿಸಿದವನಲ್ಲ. ತಂದೆ ತೀರಿಕೊಂಡ ಮೇಲೆ, ಇಪ್ಪತ್ತನೇ ವಯಸ್ಸಿನಿಂದ ಅವನು ಉಂಡದ್ದು ಆ ಮನೆಯಲ್ಲಿ. ಮೊದಲ ಬ್ರಷ್ಷು ಕೊಡಿಸಿದ್ದೂ ಸಾಹೇಬರೇ.

ಮೂರನೇ ದಿನ ಸಾಹೇಬರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಚೀಲ ಹೆಗಲಿಗೇರಿಸಿ, ಸರ್ಟಿಫಿಕೇಟು ಪಡೆದು ನೆಟ್ಟಗೆ ಕಚೇರಿಗೆ ಹೋಗುವ ಸಿದ್ಧತೆಯಲ್ಲಿ ಡಾಕ್ಟರಮ್ಮನ ಮುಂದೆ ಕೂತರು. ಆಕೆ ವರದಿಯನ್ನು ಎರಡು ಸಲ ತಿರುವಿದರು.

"ಗಂಟೆಗೆ ಐವತ್ತೆರಡು ಸಲ."

"ಏನು?"

"ಉಸಿರು ನಿಂತಿದೆ. ಅತಿ ಉದ್ದ ನಿಂತಿದ್ದು ನಲವತ್ತೆಂಟು ಸೆಕೆಂಡು. ರಕ್ತದಲ್ಲಿ ಆಮ್ಲಜನಕ ತೊಂಬತ್ತೈದರ ಹತ್ತಿರ ಇರಬೇಕಾದ್ದು ಎಪ್ಪತ್ತೊಂದಕ್ಕೆ ಇಳಿದಿದೆ."

ಸಾಹೇಬರು ತಮ್ಮ ಕುರ್ಚಿಯಲ್ಲೇ ಸ್ವಲ್ಪ ಇಳಿದರು.

"ಒಂದು ವಿಷಯ ನನಗೆ ಅರ್ಥ ಆಗ್ತಿಲ್ಲ" ಎಂದರು ಡಾಕ್ಟರಮ್ಮ. "ನಿಮ್ಮ ಮನೆಯವರು ಬರೆದಿದಾರೆ, ಒಂದು ಕ್ಷಣವೂ ನಿಲ್ಲಲ್ಲ ಅಂತ. ಮೆಷಿನ್ ಹೇಳತ್ತೆ, ನಿಮಿಷಕ್ಕೊಂದು ಸಲ ನಿಲ್ಲತ್ತೆ ಅಂತ. ಇಬ್ಬರಲ್ಲಿ ಒಬ್ಬರು ಸುಳ್ಳು."

"ನನ್ನ ಹೆಂಡತಿ ಸುಳ್ಳು ಹೇಳೋಳಲ್ಲ" ಎಂದರು ಸಾಹೇಬರು, ಮದುವೆಯಾದ ಮೇಲೆ ಮೊದಲ ಸಲ.

"ಹಾಗಾದ್ರೆ ಮೆಷಿನ್ ಸುಳ್ಳು ಹೇಳ್ತಿದೆ."

ಮುಳುಗುವವನಿಗೆ ಹುಲ್ಲುಕಡ್ಡಿ ಸಿಕ್ಕಿತು. ಸಾಹೇಬರು ಜಪ್ತಿ ಪುಸ್ತಕ ತೆಗೆದು, ಯಂತ್ರ ದೋಷಪೂರಿತ ಎಂದು ಬರೆಯಲು ಶುರು ಮಾಡಿದರು. ನೆಪ ಹಾಗಿರಲಿ, ಅವರು ಅದನ್ನು ನಂಬಿಯೂ ಇದ್ದರು. ನಿಶ್ಚಿಂತನಿಗೆ ನಿದ್ದೆಯ ರೋಗವಿದೆ ಎಂದರೆ ಮೀನಿಗೆ ನೆಗಡಿ ಎಂದ ಹಾಗೆ.

ಟೆಕ್ನಿಷಿಯನ್ನರಿಗೆ ಅವಮಾನವಾಯಿತು. ಅವರು ತಾವೇ ಮೂಗಿಗೆ ನಳಿಗೆ ಸಿಕ್ಕಿಸಿಕೊಂಡು ಉಸಿರು ಹಿಡಿದರು. ಪರದೆಯ ಮೇಲಿನ ಗೆರೆ ಚಪ್ಪಟೆಯಾಯಿತು. ಬಿಟ್ಟರು, ಗೆರೆ ಎದ್ದಿತು. ಸಾಹೇಬರು ಗಡಿಯಾರ ಹಿಡಿದು ಕಸುಬಿನ ಅಭ್ಯಾಸದಂತೆ ಮೂರು ಸಲ ಮಾಡಿಸಿದರು. ಮೂರೂ ಸಲ ಸೆಕೆಂಡಿಗೆ ಸೆಕೆಂಡು ತಾಳೆಯಾಯಿತು. ಇಷ್ಟು ಪ್ರಾಮಾಣಿಕವಾದ ಯಂತ್ರ ತಮ್ಮ ಇಲಾಖೆಯಲ್ಲೇ ಇಲ್ಲ ಎಂದು ಅವರಿಗೆ ಮನವರಿಕೆಯಾಯಿತು. ಜಪ್ತಿ ಪುಸ್ತಕ ಮುಚ್ಚಿದರು.

"ಬೇಕಿದ್ರೆ ಇನ್ನೊಂದ್ಸಲ ಪರೀಕ್ಷೆ ಮಾಡೋಣ" ಎಂದು ಡಾಕ್ಟರಮ್ಮನೇ ದಾರಿ ತೋರಿದರು. "ಗಡುವು ಮುಂದಕ್ಕೆ ಹಾಕಿ ಅಂತ ನಿಮ್ಮ ಕಚೇರಿಗೆ ನಾನೇ ಬರೆದುಕೊಡ್ತೀನಿ. ಎರಡನೇ ಸಲ ಸರಿಯಾಗಿ ಬಂದ್ರೆ ಇದನ್ನ ಹರಿದು ಹಾಕ್ತೀನಿ."

ಇದಕ್ಕಿಂತ ಸಲೀಸಾದ ದಾರಿ ಯಾರಿಗೆ ಸಿಗುತ್ತದೆ? ಇನ್ನೊಂದು ರಾತ್ರಿ ತಾವೇ ಕಟ್ಟಿಕೊಂಡು ಮಲಗಿದರೆ ಆಯಿತು. ಯಾರಿಗೂ ಏನೂ ಗೊತ್ತಾಗುವುದಿಲ್ಲ, ವ್ಯಾನಿಗೂ ಮೋಸವಿಲ್ಲ. ಸಾಹೇಬರು ಹೂಂ ಎನ್ನಲು ಬಾಯಿ ತೆರೆದರು.

"ಆದ್ರೆ ಅಲ್ಲಿವರೆಗೆ ಗಾಡಿ ಮುಟ್ಟಬೇಡಿ, ಎತ್ತರ ಹತ್ತಬೇಡಿ" ಎಂದು ಡಾಕ್ಟರಮ್ಮ ಬರೆಯುತ್ತಲೇ ಮುಂದುವರಿಸಿದರು. "ಇಷ್ಟು ಸಲ ಉಸಿರು ನಿಂತವರಿಗೆ ರಾತ್ರಿಯೆಲ್ಲ ಮಲಗಿದ್ರೂ ನಿದ್ದೆ ಆಗಿರಲ್ಲ. ಹಗಲಲ್ಲಿ ಕೂತಲ್ಲಿ ನಿಂತಲ್ಲಿ ಹೋಗಿಬಿಡ್ತಾರೆ. ನೋಡೋರು ಏನೋ ಸುಖವಾಗಿ ಮಲಗಿದಾನೆ ಅಂದ್ಕೊಳ್ತಾರೆ. ಸಂತೆಯಲ್ಲಿ ನಿದ್ದೆ ಬರೋದು ಗುಣ ಅಲ್ಲ, ರೋಗಲಕ್ಷಣ."

"ಎತ್ತರ ಅಂದ್ರೆ ಎಷ್ಟು?" ಸಾಹೇಬರ ದನಿ ಸಣ್ಣಗಾಗಿತ್ತು.

"ಎಷ್ಟಾದರೂ. ಏಣಿ, ತಾರಸಿ ಅಂಚು, ಕಟ್ಟಡದ ಸಾರುವೆ."

ಗೋಡೆಯ ಗಡಿಯಾರ ಹನ್ನೊಂದೂವರೆ ತೋರಿಸುತ್ತಿತ್ತು. ಸಾಹೇಬರು ಎದ್ದು ಓಡಿದರು. ಪ್ರಮಾಣದ ತೂಕಗಳ ಚೀಲ ಡಾಕ್ಟರಮ್ಮನ ಮೇಜಿನ ಮೇಲೇ ಉಳಿಯಿತು. ಇಪ್ಪತ್ತಾರು ವರ್ಷದಲ್ಲಿ ಅವರು ಅದನ್ನು ಮರೆತದ್ದು ಅದೇ ಮೊದಲು.

ಆ ಹೊತ್ತಿಗೆ ನಾನು ಅವರ ಕಚೇರಿಯ ಮುಂದಿನ ಬೀದಿಯಲ್ಲಿದ್ದೆ. ನಿವೃತ್ತನಾದವನಿಗೆ ಬೇರೆಯವರು ಕೆಲಸ ಮಾಡುವುದನ್ನು ನೋಡುವುದಕ್ಕಿಂತ ದೊಡ್ಡ ಕೆಲಸವಿಲ್ಲ. ವ್ಯಾನು ಬರುವ ಸಂಭ್ರಮಕ್ಕೆ ಇಲಾಖೆ ಹೊಸ ಬೋರ್ಡು ಬರೆಸುತ್ತಿತ್ತು. ಎರಡನೇ ಮಹಡಿಯ ಎತ್ತರದಲ್ಲಿ ಕಂಬ ಕಟ್ಟಿ ಹಲಗೆ ಹಾಸಿದ ಸಾರುವೆ, ಅದರ ಮೇಲೆ ನಿಶ್ಚಿಂತ. 'ತೂಕ ಮತ್ತು' ಎಂದು ಬರೆದು ಮುಗಿಸಿದ್ದ. 'ತೂಕ' ನೆಟ್ಟಗಿತ್ತು, 'ಮತ್ತು' ಆಗಲೇ ಜಾರಲು ಶುರುವಾಗಿತ್ತು. 'ಅಳತೆ' ಬರೆಯುವ ಮೊದಲು ಗೋಡೆಗೆ ಭುಜ ಆನಿಸಿ, ಕೈಯಲ್ಲಿ ಬ್ರಷ್ಷು ಹಿಡಿದು, ಕಾಲು ಕೆಳಗೆ ಇಳಿಬಿಟ್ಟು ಕೂತು ನಿದ್ದೆ ಮಾಡುತ್ತಿದ್ದ. ಬ್ರಷ್ಷಿನ ತುದಿಯಿಂದ ನೀಲಿ ಬಣ್ಣ ತೊಟ್ಟಿಕ್ಕುತ್ತಿತ್ತು.

ಕೆಳಗೆ ಹತ್ತು ಹನ್ನೆರಡು ಜನ ಸೇರಿ ಮೆಚ್ಚುತ್ತಿದ್ದರು. ಇಲಾಖೆಯ ದೊಡ್ಡ ಸಾಹೇಬರೂ ಹೊರಬಂದು ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದರು.

"ನೋಡ್ರಪ್ಪ, ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ" ಎಂದರು ಎದುರಿನ ಔಷಧಿ ಅಂಗಡಿಯವರು.

"ನಾನು ದಿನಾ ಮಾತ್ರೆ ನುಂಗಿದ್ರೂ ರೆಪ್ಪೆ ಅಂಟಲ್ಲ" ಎಂದು ದೊಡ್ಡ ಸಾಹೇಬರು ನಿಟ್ಟುಸಿರು ಬಿಟ್ಟರು. "ಕೇಳಿಕೊಂಡು ಬಂದಿರಬೇಕು."

ನಾನೂ ತಲೆಯಾಡಿಸಿದೆ. ಆಗ ಬೀದಿಯ ತುದಿಯಿಂದ ತಕ್ಕಡಿ ಸಾಹೇಬರು ಓಡಿಬಂದರು. ಅವರು ಓಡಿದ್ದನ್ನು ಯಾರೂ ನೋಡಿರಲಿಲ್ಲ. ಕೂಗುತ್ತಾರೆಂದುಕೊಂಡೆವು, ಕೂಗಲಿಲ್ಲ. ಬಾಯಿಯ ಮೇಲೆ ಬೆರಳಿಟ್ಟು ನಮ್ಮನ್ನೆಲ್ಲ ಸುಮ್ಮನಿರಿಸಿ, ಚಪ್ಪಲಿ ಬಿಚ್ಚಿ ಏಣಿ ಹತ್ತಿದರು. ತೊಂಬತ್ತೊಂದು ಕಿಲೋ ತೂಕದ ಮನುಷ್ಯ ಅಷ್ಟು ಸದ್ದಿಲ್ಲದೆ ಏಣಿ ಹತ್ತಬಲ್ಲನೆಂದು ನನಗೆ ಗೊತ್ತಿರಲಿಲ್ಲ. ಹಲಗೆಯ ಮೇಲೆ ಮಂಡಿಯೂರಿ, ಒಂದು ಕೈಯಲ್ಲಿ ಕಂಬವನ್ನೂ ಇನ್ನೊಂದರಲ್ಲಿ ನಿಶ್ಚಿಂತನ ಅಂಗಿಯ ಕೊರಳಪಟ್ಟಿಯನ್ನೂ ಹಿಡಿದರು.

ಬೀದಿ ಸ್ತಬ್ಧವಾಗಿತ್ತು. ಆ ಮೌನದಲ್ಲಿ ನಿಶ್ಚಿಂತನ ಗೊರಕೆ ನಮಗೆಲ್ಲ ಕೇಳಿಸಿತು. ಏರುತ್ತ ಏರುತ್ತ ಹೋಗಿ ಥಟ್ಟನೆ ನಿಂತಿತು. ಆ ರಾಗ ನನಗೆ ಗೊತ್ತಿತ್ತು. ಹನ್ನೆರಡು ವರ್ಷ ಅದು ನಿಂತಾಗಲೆಲ್ಲ ಸಂತೋಷಪಟ್ಟವನು ನಾನು.

ಸಾಹೇಬರು ಕಂಬ ಹಿಡಿದ ಕೈಯ ಗಡಿಯಾರ ನೋಡುತ್ತಿದ್ದರು. ಅವರ ತುಟಿಗಳು ಎಣಿಸುತ್ತಿದ್ದವು. ಹತ್ತು. ಹದಿನೈದು. ನಿಶ್ಚಿಂತನ ಎದೆ ಎಳೆಯುತ್ತಿತ್ತು, ಬಾಯಿ ತೆರೆದಿತ್ತು, ಒಳಗೆ ಏನೂ ಹೋಗುತ್ತಿರಲಿಲ್ಲ. ಇಪ್ಪತ್ತು. ಇಪ್ಪತ್ತೆರಡಕ್ಕೆ ಗುಟುರು ಹಾಕಿ, ಮೈಯೆಲ್ಲ ಕೊಡವಿ, ಅವನು ಮುಂದಕ್ಕೆ ವಾಲಿದ. ಕೊರಳಪಟ್ಟಿಯ ಒಂದು ಗುಂಡಿ ಕಿತ್ತು ಬೀದಿಗೆ ಬಿತ್ತು. ಸಾಹೇಬರ ಹಿಡಿತ ಬ್ರಷ್ಷು ಬಿದ್ದ ಮೇಲೂ ಸಡಿಲವಾಗಲಿಲ್ಲ.

"ಭಾವ" ಎಂದು ನಿಶ್ಚಿಂತ ಕಣ್ಣುಜ್ಜಿದ. "ನೀವ್ಯಾಕೆ ಮೇಲೆ ಬಂದ್ರಿ? ಬಿದ್ದುಗಿದ್ದು ಹೋಗ್ತೀರ."

ಕೆಳಗಿನಿಂದ ದೊಡ್ಡ ಸಾಹೇಬರೇ ಕೇಳಿದರು. "ಏನ್ರೀ ಇದು ಇನ್‌ಸ್ಪೆಕ್ಟರೇ? ಸರ್ಟಿಫಿಕೇಟ್ ತರ್ತೀನಿ ಅಂತ ಹೋಗಿ ಬೋರ್ಡ್ ಮೇಲೆ ಕೂತಿದೀರಲ್ಲ. ವರದಿ ಏನು ಬಂತು?"

"ಗಂಟೆಗೆ ಐವತ್ತೆರಡು ಸಾರ್."

"ಅಂದ್ರೆ?"

"ತೀವ್ರ."

"ನಿಮಗಾ?"

ಎರಡು ಮಹಡಿಯ ಎತ್ತರದಲ್ಲಿ ಸಾಹೇಬರು ಪಕ್ಕಕ್ಕೆ ತಿರುಗಿ ನೋಡಿದರು. ಅಲ್ಲಿಂದ ಕಚೇರಿಯ ಪಕ್ಕದ ಅಂಗಳ ಕಾಣುತ್ತದೆ. ಆ ಬೆಳಿಗ್ಗೆಯಷ್ಟೇ ಬಂದ ವ್ಯಾನು ಅಲ್ಲಿ ನಿಂತಿತ್ತು, ಬಾಗಿಲಿಗೆ ಅಂಟಿಸಿದ ಪ್ಲಾಸ್ಟಿಕ್ಕನ್ನು ಇನ್ನೂ ಬಿಚ್ಚಿರಲಿಲ್ಲ.

"ನನಗಲ್ಲ ಸಾರ್, ಇವನಿಗೆ. ನಾನು ಕಲ್ಲು ಬದಲಾಯಿಸಿದ್ದೆ."

ಬೀದಿಯವರಿಗೆ ಅರ್ಥವಾಗಲಿಲ್ಲ. ಇಲಾಖೆಯವರಿಗೆ ವಿವರಣೆ ಬೇಕಿರಲಿಲ್ಲ. ಗುಮಾಸ್ತರು ನೆಲ ನೋಡಿದರು. ದೊಡ್ಡ ಸಾಹೇಬರು ಸೊಂಟದ ಮೇಲಿನ ಕೈ ಇಳಿಸಿ, "ಮೊದಲು ಇಬ್ಬರೂ ಇಳೀರಿ" ಎಂದರು. "ನಿಧಾನ. ಅವನನ್ನ ಮುಂದೆ ಬಿಡಬೇಡಿ."

ಕೋಣೆಯೊಳಗೆ ನಡೆದದ್ದನ್ನು ಗುಮಾಸ್ತರು ನನಗೆ ಹೇಳಿದರು. ಕಲ್ಲು ಬದಲಾಯಿಸಿದ ಅಂಗಡಿಯವನಿಗೆ ನಾವು ಏನು ಮಾಡ್ತೀವಿ ಎಂದು ದೊಡ್ಡ ಸಾಹೇಬರು ಕೇಳಿದರಂತೆ. ಜಪ್ತಿ, ಆಮೇಲೆ ಒಂದು ವರ್ಷ ಮುದ್ರೆ ಇಲ್ಲ ಎಂದು ತಕ್ಕಡಿ ಸಾಹೇಬರೇ ನಿಯಮ ಹೇಳಿದರಂತೆ. ಹಾಗೇ ಆಯಿತು. ವ್ಯಾನು ಎರಡನೇ ಇನ್‌ಸ್ಪೆಕ್ಟರಿಗೆ ಹೋಯಿತು. ಸಾಹೇಬರನ್ನು ಒಂದು ವರ್ಷದ ಮಟ್ಟಿಗೆ ಕಚೇರಿಯ ಕಳ್ಳ ತೂಕಗಳ ಕಪಾಟು ಜೋಡಿಸಿ ಪಟ್ಟಿ ಮಾಡುವ ಕೆಲಸಕ್ಕೆ ಹಾಕಿದರು. ಆ ಕಪಾಟಿನಲ್ಲಿ ನನಗೂ ಒಂದು ಗೂಡು ಇಡಬೇಕಿತ್ತು ಎಂದು ಅವರೇ ನನ್ನಲ್ಲಿ ಹೇಳಿ ನಕ್ಕರು.

ಅವರ ಸ್ವಂತ ಪರೀಕ್ಷೆಯೂ ಆಯಿತು. ಗಂಟೆಗೆ ಒಂಬತ್ತು, ಸೌಮ್ಯ. ತೂಕ ಇಳಿಸಿ, ಮಗ್ಗುಲಾಗಿ ಮಲಗಿ ಎಂದರು ಡಾಕ್ಟರಮ್ಮ. ಅವರ ಹೆಂಡತಿ ರಾತ್ರಿಯ ಅಂಗಿಯ ಬೆನ್ನಿಗೆ ಜೇಬು ಹೊಲಿದು ಒಂದು ಚೆಂಡು ತುರುಕಿದ್ದಾರೆ. ಅಂಗಾತ ತಿರುಗಿದರೆ ಬೆನ್ನಿಗೆ ಒತ್ತುತ್ತದೆ. 'ಒಂದು ಕ್ಷಣವೂ ನಿಲ್ಲುವುದಿಲ್ಲ' ಎಂದು ಬರೆದದ್ದು ಗಂಟೆಗೆ ಒಂಬತ್ತು ಸಲ ತಪ್ಪಾಯಿತೆಂದು ಅವರಿಗೆ ಸ್ವಲ್ಪ ಬೇಸರವಿದೆ.

ನಿಶ್ಚಿಂತನ ಹೆಸರಿನಲ್ಲಿ ಡಾಕ್ಟರಮ್ಮನಲ್ಲಿ ಹೊಸ ಫಾರಮ್ಮು ಮಾಡಿಸುವಾಗ ಒಂದು ತೊಡಕು ಎದ್ದಿತು. ಅವನು ಎಲ್ಲ ತುಂಬಿಸಿ, ಒಂದೇ ಕೋಣೆಯಲ್ಲಿ ಮಲಗುವವರ ಹೇಳಿಕೆಯ ಜಾಗವನ್ನು ಖಾಲಿ ಬಿಟ್ಟಿದ್ದ.

"ನನ್ನ ಕೋಣೆಯಲ್ಲಿ ಯಾರಿದಾರೆ ಭಾವ" ಎಂದ, ಬೇಸರವೇನೂ ಇಲ್ಲದೆ.

ಸಾಹೇಬರು ಫಾರಮ್ಮು ಎಳೆದುಕೊಂಡು ಬರೆದರು: 'ಇಪ್ಪತ್ತೆರಡು ಸೆಕೆಂಡು. ನಾನೇ ಅಳೆದಿದ್ದೇನೆ.' ರುಜು ಹಾಕಿ, ಅಭ್ಯಾಸಬಲದಿಂದ ಮುದ್ರೆಯನ್ನೂ ಒತ್ತಿದರು. ಅದು ತಕ್ಕಡಿಗೆ ಒತ್ತುವ ಮುದ್ರೆ, ಕಾಗದ ತೂತಾಯಿತು. ಡಾಕ್ಟರಮ್ಮ ಅದನ್ನು ಹಾಗೇ ಸ್ವೀಕರಿಸಿದರು.

ರಾತ್ರಿ ಮೂಗಿಗೆ ಕಟ್ಟಿಕೊಂಡು ಮಲಗಲು ಅವನಿಗೊಂದು ಮಾಸ್ಕು, ಅದಕ್ಕೆ ಗಾಳಿ ಊದುವ ಒಂದು ಯಂತ್ರ ಕೊಟ್ಟರು. ಊದುವ ಗಾಳಿ ಗಂಟಲಿನ ದಾರಿಯನ್ನು ಮುಚ್ಚದಂತೆ ತೆರೆದಿಡುತ್ತದಂತೆ. ಅವನ ತಾರಸಿಯ ಕೋಣೆಯೂ ನಿಂತಿರುವುದು ನಮ್ಮ ನಡುವಿನ ಗೋಡೆಯ ಮೇಲೆಯೇ. ಅಂದಿನಿಂದ ನನ್ನ ಗೋಡೆಯಲ್ಲಿ ಒಂದು ರಾಗ ಮಾತ್ರ ಉಳಿದಿದೆ. ಇಬ್ಬರ ಗೊರಕೆಯನ್ನು ಹನ್ನೆರಡು ವರ್ಷ ಒಬ್ಬರ ತಲೆಗೆ ಕಟ್ಟಿದ್ದೆನಲ್ಲ ಎಂದು ನನಗೆ ನಾಚಿಕೆಯಾಗುತ್ತದೆ.

ಮಾಸ್ಕು ಕಟ್ಟಿ ಮಲಗಿದ ನಾಲ್ಕನೇ ಬೆಳಿಗ್ಗೆ ನಿಶ್ಚಿಂತ ತಾನಾಗಿಯೇ ಎದ್ದು, ಎರಡೂ ಕಾಲಿಗೆ ಒಂದೇ ಏಟಿಗೆ ಚಪ್ಪಲಿ ಹಾಕಿ ಹೊರಗೆ ಹೋದ. ಸಾಹೇಬರೂ ನಾನೂ ಅವರ ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದೆವು. ಒಂದು ಗಂಟೆಯಲ್ಲಿ ವಾಪಸು ಬಂದ. ಕಣ್ಣು ದೊಡ್ಡದಾಗಿತ್ತು, ಮುಖ ಬಿಳಿಚಿತ್ತು.

"ಭಾವ, ಪೇಟೆಯಲ್ಲಿ ನನ್ನ ಬೋರ್ಡುಗಳೆಲ್ಲ ಬಲಗಡೆಗೆ ಜಾರಿವೆ. ಔಷಧಿ ಅಂಗಡಿದು, ಹಲ್ಲಿನ ಡಾಕ್ಟರದು, ಒಂದೂ ನೆಟ್ಟಗಿಲ್ಲ. ಇಪ್ಪತ್ತೈದು ವರ್ಷ. ನೀವ್ಯಾರೂ ನನಗೆ ಯಾಕೆ ಹೇಳಲಿಲ್ಲ?"

ಸಾಹೇಬರು ನನ್ನ ಮುಖ ನೋಡಿದರು. ನಾನು ಕಾಫಿಯ ಲೋಟ ನೋಡಿದೆ.

"ಅದು ನಿನ್ನ ಶೈಲಿ ಅಂದ್ಕೊಂಡಿದ್ವಿ ಕಣಪ್ಪ" ಎಂದರು ಸಾಹೇಬರು.